ಮೂಗೆತ್ತುವ ದೋಣಿಗೆ ಬಾಲದ ಹಲಗೆ

ಕಾವೇರಿಯೂ ಕಪಿಲೆಯೂ ಕೂಡುವ ತಿರುಮಕೂಡಲಿನ ಸುತ್ತಣ ಊರುಗಳಿಗೆ ಹರಿಗೋಲು ಹೊಸತಲ್ಲ. ವ್ಯಾಸರಾಜ ಮಠದಿಂದ ಹೆಸರಾದ ಸೋಸಲೆ, ಗುಂಜಾನರಸಿಂಹಸ್ವಾಮಿಯ ನರಸೀಪುರ, ಹೊಳೆಯ ಕೆಳಗಣ ಹಾದಿಯಲ್ಲಿ ಮರಳಿನ ತಲಕಾಡು, ಈ ಸೀಮೆಯಲ್ಲೆಲ್ಲ ತಲೆತಲಾಂತರದಿಂದ ಜನರನ್ನು ದಡ ಮುಟ್ಟಿಸಿದುದು ಬಿದಿರಿನ ಆ ದುಂಡು ಬುಟ್ಟಿಯೇ. ಹಿಂದೆ ಅದಕ್ಕೆ ಚರ್ಮದ ಹೊದಿಕೆಯಿತ್ತು. ಈಗ ಪ್ಲಾಸ್ಟಿಕ್ ಹಾಳೆಯೂ ಟಾರೂ ಆ ಸ್ಥಾನಕ್ಕೆ ಬಂದಿವೆ. ಆಕಾರ ಮಾತ್ರ ಬದಲಾಗಲಿಲ್ಲ. 1520ರ ಸುಮಾರಿಗೆ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಅಲ್ಲಿನ ಹೊಳೆಯ ಹರಿಗೋಲುಗಳು ನೆಟ್ಟಗೆ ಸಾಗಲಾರದೆ ಸದಾ ಸುತ್ತುತ್ತಿರುತ್ತವೆಂದು ಬರೆದಿಟ್ಟಿದ್ದಾನೆ. ಐದು ಶತಮಾನಗಳ ಅನಂತರವೂ ಆ ಮಾತು ಸುಳ್ಳಾಗಿಲ್ಲ.

ಹರಿಗೋಲಿಗೆ ಮೂಗೂ ಇಲ್ಲ, ಬಾಲವೂ ಇಲ್ಲ. ಆದುದರಿಂದ ಅದು ಮೂಗೆತ್ತುವ ಪ್ರಸಂಗವೇ ಇಲ್ಲ. ಅದಕ್ಕೆ ಬೇಕಾದುದು ಒಂದೇ, ಕುಳಿತವರ ಸಮತೂಕ. ಎರಡು ಮೀಟರು ಅಡ್ಡಳತೆಯ ಹರಿಗೋಲಿನ ತಳವನ್ನು ಸಮತಟ್ಟೆಂದೇ ಭಾವಿಸಿದರೆ, ಅದನ್ನು ಒಂದು ಸೆಂಟಿಮೀಟರು ಮುಳುಗಿಸಲು ಸುಮಾರು 31 ಕಿಲೋಗ್ರಾಂ ಭಾರ ಬೇಕು. ಅರುವತ್ತು ಕಿಲೋ ತೂಕದ ಒಬ್ಬನು ನಡುವೆ ಕುಳಿತರೆ ಅದು ಇಳಿಯುವುದು ಎರಡೇ ಸೆಂಟಿಮೀಟರು. ಅದೇ ಮನುಷ್ಯನು ಅಂಚಿಗೆ ಸರಿದರೆ ಆ ಕಡೆಯ ಅಂಚು ಎಷ್ಟೋ ಪಾಲು ಹೆಚ್ಚಾಗಿ ತಗ್ಗುತ್ತದೆ. ಅಂಬಿಗನು ಹುಟ್ಟು ಹಾಕುವುದಕ್ಕೆ ಮೊದಲೇ ಎಲ್ಲರನ್ನೂ ಕೂರಿಸಿ, ‘ಏಳಬೇಡಿ’ ಎಂದು ಗದರುವುದು ಈ ಲೆಕ್ಕದ ಬಲದಿಂದಲೇ.

ಯಂತ್ರ ಬಂದ ಮೇಲೆ

ದೋಣಿಯ ಹಿಂಬದಿಗೆ ತಗುಲಿಸುವ ಮೋಟಾರನ್ನು ಅಮೆರಿಕದಲ್ಲಿ ನೆಲೆಸಿದ ನಾರ್ವೆ ಮೂಲದ ಓಲೆ ಎವಿನ್‌ರೂಡ್ 1909ರಲ್ಲಿ ಮಾರುಕಟ್ಟೆಗೆ ತಂದುದು ಜನಪ್ರಿಯವಾಯಿತು. ಆಮೇಲೆ ಸಣ್ಣ ದೋಣಿಗಳೂ ವೇಗದ ರುಚಿ ಕಂಡವು. ವೇಗದ ಜೊತೆಗೇ ಹೊಸದೊಂದು ತೊಡಕೂ ಬಂದಿತು.

ನೀರಿನಲ್ಲಿ ಚಲಿಸುವ ದೋಣಿ ತನ್ನ ಅಲೆಯನ್ನು ತಾನೇ ಎಬ್ಬಿಸುತ್ತದೆ. ವೇಗ ಹೆಚ್ಚಿದಂತೆ ಆ ಅಲೆ ಉದ್ದವಾಗುತ್ತದೆ. ಅಲೆಯ ಉದ್ದವೂ ದೋಣಿಯ ಉದ್ದವೂ ಸರಿಸಮವಾದ ಕ್ಷಣದಿಂದಾಚೆಗೆ ದೋಣಿಯ ಮೂಗು ಅಲೆಯ ನೆತ್ತಿಯ ಮೇಲೆಯೂ ಬಾಲ ಹಳ್ಳದಲ್ಲಿಯೂ ಸಿಕ್ಕಿಬೀಳುತ್ತವೆ. ನೀರಿನಲ್ಲಿ ಹದಿನಾರು ಅಡಿ ಉದ್ದವಿರುವ ದೋಣಿಗೆ ಈ ಗಡಿ ಗಂಟೆಗೆ ಸುಮಾರು ಹತ್ತು ಕಿಲೋಮೀಟರು. ಅಲ್ಲಿಂದ ಮುಂದೆ ಅದು ತಾನೇ ಕಟ್ಟಿದ ದಿಬ್ಬವನ್ನು ತಾನೇ ಹತ್ತಬೇಕು. ಯಂತ್ರ ಮೊರೆಯುತ್ತದೆ, ಎಣ್ಣೆ ಕರಗುತ್ತದೆ, ವೇಗ ಮಾತ್ರ ಏರದು. ಇದರ ಸುಮಾರು ಇಮ್ಮಡಿ ವೇಗ ಬಂದಾಗ, ತಕ್ಕ ಆಕಾರದ ದೋಣಿ ದಿಬ್ಬವನ್ನು ದಾಟಿ ನೀರಿನ ಮೇಲ್ಮೈಯಲ್ಲಿ ಜಾರತೊಡಗುತ್ತದೆ.

ಈ ನಡುವಣ ಸ್ಥಿತಿಯೇ ಅಪಾಯಕರ. ಮೂಗು ಮೇಲೆದ್ದುದರಿಂದ ಚಾಲಕನಿಗೆ ಮುಂದಣ ನೀರು ಕಾಣದು. ಹಿಂದೆ ಏಳುವ ಅಲೆಯೂ ಈ ಹೊತ್ತಿನಲ್ಲಿಯೇ ಅತಿ ದೊಡ್ಡದು. ಮುಂದೆ ಈಜುವವನೊಬ್ಬನಿದ್ದರೆ, ಪಕ್ಕದಲ್ಲಿ ಹರಿಗೋಲೊಂದಿದ್ದರೆ, ಪರಿಣಾಮವನ್ನು ಊಹಿಸಿಕೊಳ್ಳಬಹುದು.

ಹಲಗೆಯ ಕೆಲಸ

ಎತ್ತಿನ ಗಾಡಿ ಹೂಡಿದವರಿಗೆ ಈ ತೊಡಕಿನ ಮರ್ಮ ಬೇಗನೆ ತಿಳಿಯುತ್ತದೆ. ಭಾರ ಹಿಂದಕ್ಕಾದರೆ ಮೂಕಿ ಮೇಲೇಳುತ್ತದೆ. ಮುಂದಕ್ಕಾದರೆ ನೊಗ ಎತ್ತಿನ ಹೆಗಲನ್ನು ಅಮುಕುತ್ತದೆ. ಮೋಟಾರು, ಎಣ್ಣೆಯ ತೊಟ್ಟಿ, ಚಾಲಕ, ಎಲ್ಲವೂ ಹಿಂದೆಯೇ ಸೇರಿದ ದೋಣಿ ಹಿಂದೆ ಭಾರವಾದ ಗಾಡಿಯೇ ಸರಿ. ಅದಕ್ಕೆ ಹೂಡಿದ ಉಪಾಯಗಳಲ್ಲೊಂದು ‘ಟ್ರಿಮ್ ಟ್ಯಾಬ್’.

ಇವು ದೋಣಿಯ ಹಿಂಗೋಡೆಯ ಕೆಳಅಂಚಿನಲ್ಲಿ, ಎಡಕ್ಕೊಂದು ಬಲಕ್ಕೊಂದರಂತೆ, ಕೀಲಿನಿಂದ ಜೋಡಿಸಿದ ಲೋಹದ ಹಲಗೆಗಳು. ದೋಣಿಯ ಪ್ರತಿ ಅಡಿ ಉದ್ದಕ್ಕೆ ಪಕ್ಕವೊಂದರಲ್ಲಿ ಒಂದಂಗುಲ ಅಗಲವೆಂಬುದು ರೂಢಿಯ ಲೆಕ್ಕ. ಹದಿನಾರು ಅಡಿಯ ದೋಣಿಗೆ ಹದಿನಾರಂಗುಲದ ಹಲಗೆ. ಗುಂಡಿಯೊತ್ತಿ ಹಲಗೆಯನ್ನು ಕೊಂಚ ತಗ್ಗಿಸಿದರೆ ತಳದಿಂದ ಹಿಂದಕ್ಕೆ ಹರಿಯುವ ನೀರು ಅದಕ್ಕೆ ತಾಕಿ ಕೆಳಕ್ಕೆ ತಿರುಗುತ್ತದೆ. ನೀರನ್ನು ಕೆಳಕ್ಕೆ ತಳ್ಳಿದ ಹಲಗೆಯನ್ನು ನೀರು ಮೇಲಕ್ಕೆ ತಳ್ಳುತ್ತದೆ. ಬಾಲ ಮೇಲೇಳುತ್ತದೆ, ಮೂಗು ತಾನಾಗಿ ತಗ್ಗುತ್ತದೆ. ಮೂಗನ್ನು ಇಳಿಸಲು ಮೂಗನ್ನು ಹಿಡಿಯಬೇಕಾಗಿಲ್ಲ!

ಇದರಿಂದ ಲಾಭವುಂಟೆ? ಉಂಟು. ದೋಣಿ ದಿಬ್ಬವನ್ನು ಬೇಗನೆ ದಾಟುತ್ತದೆ. ಕಡಿಮೆ ವೇಗದಲ್ಲಿಯೇ ಜಾರುವ ಸ್ಥಿತಿಯನ್ನು ಉಳಿಸಿಕೊಳ್ಳುತ್ತದೆ. ಆ ಹೊತ್ತಿನಲ್ಲಿ ಎಣ್ಣೆಯೂ ಉಳಿಯುತ್ತದೆ. ಚಾಲಕನಿಗೆ ಮುಂದಣ ನೋಟ ದೊರಕುತ್ತದೆ. ಎದುರಿನ ಸಣ್ಣ ಅಲೆಗಳನ್ನು ತಳದ ಚಪ್ಪಟೆ ಭಾಗ ಬಡಿಯುವುದರ ಬದಲು ಮೂಗಿನ ಹರಿತವಾದ ಭಾಗ ಸೀಳುವುದರಿಂದ ಕುಳಿತವರ ಬೆನ್ನಿಗೆ ಪೆಟ್ಟು ಕಡಿಮೆ. ಒಂದು ಪಕ್ಕದಲ್ಲಿ ಭಾರದ ವ್ಯಕ್ತಿ ಕುಳಿತು ದೋಣಿ ಬಲಕ್ಕೆ ವಾಲಿದರೆ ಬಲದ ಹಲಗೆಯನ್ನು ಮಾತ್ರ ತಗ್ಗಿಸಿ ಆ ಪಕ್ಕವನ್ನು ಎತ್ತಬಹುದು. ಮೋಟಾರಿನ ಕೋನವನ್ನು ಬದಲಿಸಿಯೂ ಮೂಗನ್ನು ಏರಿಸಿ ಇಳಿಸಬಹುದಾದರೂ, ಒಂದೇ ಮೋಟಾರಿನಿಂದ ಪಕ್ಕದ ವಾಲುವಿಕೆಯನ್ನು ಸರಿಪಡಿಸುವುದು ಕಷ್ಟ. ಹಲಗೆಗಳ ವಿಶೇಷ ಅದು. ಯುದ್ಧನೌಕೆಗಳೂ ಇಂಧನದ ಉಳಿತಾಯಕ್ಕಾಗಿ ಇದೇ ತತ್ತ್ವದ ಸ್ಥಿರ ಹಲಗೆಗಳನ್ನು ಹಿಂಬದಿಗೆ ಜೋಡಿಸಿಕೊಂಡಿವೆ.

ಎಲ್ಲಿ ನಿರುಪಯುಕ್ತ?

ಆದರೆ ಹಲಗೆಯ ಶಕ್ತಿಯೆಲ್ಲ ಹರಿಯುವ ನೀರಿನಿಂದ ಬಂದುದು. ವೇಗ ಅರ್ಧವಾದರೆ ಎತ್ತುವ ಬಲ ಕಾಲುಭಾಗಕ್ಕೆ ಇಳಿಯುತ್ತದೆ. ನಿಂತ ದೋಣಿಯಲ್ಲಿ ಅದು ಬರಿಯ ಲೋಹದ ತುಂಡು. ಮೆಲ್ಲನೆ ಸಾಗುವ ಭಾರದ ದೋಣಿಗೆ ಅದರಿಂದ ದೊರೆಯುವುದು ಅತ್ಯಲ್ಪ. ಈಗಾಗಲೇ ಸಮನಾಗಿ ಜಾರುತ್ತಿರುವ ದೋಣಿಯಲ್ಲಿ ತಗ್ಗಿಸಿದ ಹಲಗೆ ನೀರಿಗೆ ಅಡ್ಡಬಂದು ವೇಗವನ್ನೇ ಕುಗ್ಗಿಸುತ್ತದೆ. ಹಿಂದಿನಿಂದ ಅಲೆಗಳು ಅಟ್ಟಿಕೊಂಡು ಬರುವಾಗ ಮೂಗನ್ನು ಒತ್ತಿ ಹಿಡಿದರೆ ಅದು ಮುಂದಿನ ಅಲೆಯೊಳಗೆ ಹೊಕ್ಕು, ದೋಣಿ ಅಡ್ಡ ತಿರುಗಿ ಮಗುಚುವ ಭಯವುಂಟು. ಆಗ ಹಲಗೆಗಳನ್ನು ಪೂರ್ತಿ ಎತ್ತಿಡುವುದೇ ವಿವೇಕ.

ಎಲ್ಲಕ್ಕಿಂತ ಮುಖ್ಯವಾದ ಮಾತು ಬೇರೆ. ಹಲಗೆ ದೋಣಿಯ ಭಂಗಿಯನ್ನು ತಿದ್ದಬಲ್ಲದು, ಹೊರೆಯನ್ನು ಇಳಿಸಲಾರದು. 2009ರ ಸೆಪ್ಟೆಂಬರ್ 30ರಂದು ತೇಕ್ಕಡಿಯ ಪೆರಿಯಾರ್ ಸರೋವರದಲ್ಲಿ ಎರಡಂತಸ್ತಿನ ‘ಜಲಕನ್ಯಕಾ’ ಮಗುಚಿ 45 ಜನ ಮಡಿದರು. ಕಾಡುಮೃಗಗಳನ್ನು ನೋಡುವ ಆತುರದಲ್ಲಿ ಪ್ರಯಾಣಿಕರು ಒಂದೇ ಪಕ್ಕಕ್ಕೆ ಸರಿದುದು ಕಾರಣಗಳಲ್ಲೊಂದೆಂದು ಹೇಳಲಾಯಿತು. 2019ರ ಜನವರಿ 21ರಂದು ಕಾರವಾರದ ಬಳಿ ಕೂರ್ಮಗಡದ ಜಾತ್ರೆಗೆ ಹೋಗಿದ್ದವರ ದೋಣಿ ಮಗುಚಿ 16 ಜೀವಗಳು ಹೋದವು. ಅದರಲ್ಲಿ ಜನ ಕಿಕ್ಕಿರಿದಿದ್ದರು. ಇಂತಹ ಗಳಿಗೆಯಲ್ಲಿ ಯಾವ ಹಲಗೆಯೂ ಕೈಹಿಡಿಯದು. ಹಲಗೆಯಿದೆಯೆಂಬ ಧೈರ್ಯದಿಂದ ಇನ್ನಿಬ್ಬರನ್ನು ಹತ್ತಿಸಿಕೊಳ್ಳುವ ಚಾಲಕನು ಉಪಕರಣವನ್ನೇ ಅಪಾಯವಾಗಿ ಮಾರ್ಪಡಿಸುತ್ತಾನೆ.

ಸಂಗಮದ ನೀರಿನಲ್ಲಿ

ಸೋಸಲೆ, ನರಸೀಪುರಗಳ ನೀರಿಗೆ ತನ್ನದೇ ಆದ ಸ್ವಭಾವವಿದೆ. ಕಾವೇರಿಯ ಮೇಲೆ ಕೃಷ್ಣರಾಜಸಾಗರ, ಕಪಿಲೆಯ ಮೇಲೆ ಕಬಿನಿ ಅಣೆಕಟ್ಟು. ಎರಡರಿಂದಲೂ ನೀರು ಬಿಟ್ಟ ದಿನ ಸಂಗಮದ ಸೆಳೆತ ಬಲವಾಗುತ್ತದೆ. ಬೇಸಗೆಯಲ್ಲಿ ಬಂಡೆಯೂ ಮರಳೂ ತಲೆಯೆತ್ತುತ್ತವೆ. ಇಂತಹ ತೆಳುನೀರಿನಲ್ಲಿ ತಳಕ್ಕಿಂತ ಕೆಳಗೆ ಚಾಚಿದ ಹಲಗೆ ಕಲ್ಲಿಗೆ ತಾಗಿ ಬಾಗುವ ಸಂಭವವೇ ಹೆಚ್ಚು. 1989ರಿಂದ ಇಲ್ಲಿ ನಡೆದು ಬಂದಿರುವ ಕುಂಭಮೇಳದಂತಹ ಸಂದರ್ಭಗಳಲ್ಲಿ ಸ್ನಾನಘಟ್ಟಗಳು ತುಂಬಿರುತ್ತವೆ. ಅಲ್ಲಿ ಮೋಟಾರು ದೋಣಿ ಜಾರುವ ವೇಗಕ್ಕೆ ಏರುವುದೇ ಸಲ್ಲದು. ಮೂಗು ಏಳದಂತಹ ಮಂದಗತಿಯೇ ಹಲಗೆಯ ಕೆಲಸವನ್ನು ಬಿಡಿಕಾಸಿನ ಖರ್ಚಿಲ್ಲದೆ ಮಾಡಿಕೊಡುತ್ತದೆ.

ವಿಶಾಲವಾದ ಜಲಾಶಯದಲ್ಲಿಯೂ ಕಡಲಿನಲ್ಲಿಯೂ ವೇಗವಾಗಿ ಓಡುವ ದೋಣಿಗೆ ಟ್ರಿಮ್ ಟ್ಯಾಬ್ ಯೋಗ್ಯವಾದ ಸಾಧನವೆಂಬುದರಲ್ಲಿ ಸಂದೇಹವಿಲ್ಲ. ಅದನ್ನು ಕೊಳ್ಳುವುದಕ್ಕೆ ಮೊದಲು ಎಣ್ಣೆಯ ತೊಟ್ಟಿಯನ್ನೂ ಸಾಮಾನನ್ನೂ ಕೊಂಚ ಮುಂದಕ್ಕೆ ಸರಿಸಿ ನೋಡುವುದು ಜಾಣತನ. ಎಷ್ಟೋ ದೋಣಿಗಳ ಮೂಗು ಅಷ್ಟಕ್ಕೇ ಇಳಿಯುವುದುಂಟು. ಮಕ್ಕಳೊಡನೆ ವಿಹಾರಕ್ಕೆ ಹೋಗುವ ಸಂಸಾರಸ್ಥರಾದರೋ ದೋಣಿ ಹತ್ತುವ ಮೊದಲು ಗಮನಿಸಬೇಕಾದುವು ಮೂರು: ಎಷ್ಟು ಜನಕ್ಕೆ ಅನುಮತಿಯಿದೆ, ಎಷ್ಟು ಜನ ಹತ್ತಿದ್ದಾರೆ, ಪ್ರತಿಯೊಬ್ಬರಿಗೂ ಜೀವರಕ್ಷಕ ಕವಚವಿದೆಯೆ? ಹತ್ತಿದ ಮೇಲೆ ಪಾಲಿಸಬೇಕಾದುದು ಹರಿಗೋಲಿನ ಅಂಬಿಗನ ಹಳೆಯ ಆಜ್ಞೆ. ಕುಳಿತಲ್ಲಿಂದ ಏಳಬಾರದು.