ಕಾವು ಪೆಟ್ಟಿಗೆಯಲ್ಲಿ ಕೋಳಿಮರಿ

ಕೋಳಿ ಮೊಟ್ಟೆ ಮರಿಯಾಗಲು 21 ದಿನ ಬೇಕು. ಇದು ನಿಮಗೆ ಗೊತ್ತು. ಹೇಂಟೆಯನ್ನು ಮಂಕರಿಯಲ್ಲಿ ಕಾವಿಗೆ ಕೂರಿಸಿ ದಿನ ಎಣಿಸಿದವರು ನೀವು.

ಈಗ ಕಾವು ಕೊಡುವ ಪೆಟ್ಟಿಗೆ ಬಂದಿದೆ. ಇದರ ಹೆಸರು ಇನ್‌ಕ್ಯುಬೇಟರ್. ಇದು ಕರೆಂಟಿನಿಂದ ನಡೆಯುತ್ತೆ. ಮನೆಯಲ್ಲಿ ಇಡುವಂಥ ಸಣ್ಣ ಪೆಟ್ಟಿಗೆಯೂ ಸಿಗುತ್ತೆ. ಸಂಘದಲ್ಲಿ ಸಾಲ ತೆಗೆದು ಇದನ್ನು ಕೊಳ್ಳೋಣ ಅನ್ನುವ ಅಕ್ಕಂದಿರು ಇದ್ದಾರೆ. ಸಾಲ ಅಂದ ಮೇಲೆ ಕಂತು ಕಟ್ಟಲೇಬೇಕು. ಮರಿ ಆಗಲಿ, ಆಗದಿರಲಿ. ಆದ್ದರಿಂದ ಪೆಟ್ಟಿಗೆ ಏನು ಮಾಡುತ್ತೆ, ಎಲ್ಲಿ ಕೈ ಕೊಡುತ್ತೆ, ಮೊದಲೇ ತಿಳಿಯೋಣ.

ಪೆಟ್ಟಿಗೆ ಯಾಕೆ ಬೇಕು?

ನಾಟಿ ಹೇಂಟೆ ಒಂದು ಸಲಕ್ಕೆ 10-12 ಮೊಟ್ಟೆಗೆ ಕಾವು ಕೊಡುತ್ತೆ. ಕಾವು ಕೂತಾಗ ಅದು ಮೊಟ್ಟೆ ಇಡುವುದಿಲ್ಲ. ಮರಿಗಳ ಹಿಂದೆ ತಿರುಗುವಾಗಲೂ ಇಡುವುದಿಲ್ಲ. ಪೆಟ್ಟಿಗೆ ಕಾವು ಕೊಟ್ಟರೆ ಹೇಂಟೆ ಬೇಗ ಮತ್ತೆ ಮೊಟ್ಟೆಗೆ ಬರುತ್ತೆ. ಗಿರಿರಾಜದಂಥ ಕೋಳಿಗಳು ಕಾವಿಗೆ ಕೂರುವುದೇ ಅಪರೂಪ. ಅವುಗಳ ಮೊಟ್ಟೆಗೆ ನಾಟಿ ಕೋಳಿ ಬೇಕು, ಇಲ್ಲವೇ ಪೆಟ್ಟಿಗೆ ಬೇಕು.

ಆದರೆ ವರ್ಷಕ್ಕೆ 20-30 ಮರಿ ಸಾಕು ಅನ್ನುವವರಿಗೆ ಪೆಟ್ಟಿಗೆ ಬೇಡ ಅಂತ ನಮ್ಮ ಅಭಿಪ್ರಾಯ. ಹೇಂಟೆಗೆ ಕರೆಂಟ್ ಬಿಲ್ ಬರುವುದಿಲ್ಲ.

ಎಂಥ ಮೊಟ್ಟೆ?

ಅಂಗಡಿಯ ಬಿಳಿ ಮೊಟ್ಟೆ ಮರಿಯಾಗದು. ಆ ಫಾರಂಗಳಲ್ಲಿ ಹುಂಜ ಇರುವುದಿಲ್ಲ. ಹುಂಜ ಕೂಡಿದ ಹೇಂಟೆಯ ಮೊಟ್ಟೆಯೇ ಬೇಕು. 8-10 ಹೇಂಟೆಗೆ ಒಂದು ಹುಂಜ ಸಾಕು.

ಮೊಟ್ಟೆ ಇಟ್ಟು 7 ದಿನ ದಾಟಿರಬಾರದು. ಬಿರುಕು ಇರಬಾರದು. ತುಂಬಾ ಸಣ್ಣದು, ತುಂಬಾ ದೊಡ್ಡದು ಬೇಡ. ಮೊಟ್ಟೆಯನ್ನು ತೊಳೆಯಬೇಡಿ. ಚಿಪ್ಪಿನಲ್ಲಿ ಕಣ್ಣಿಗೆ ಕಾಣದ ಸಾವಿರಾರು ತೂತುಗಳಿವೆ. ತೊಳೆದರೆ ಕೊಳೆ ಆ ತೂತಿನಿಂದ ಒಳಗೆ ಹೋಗುತ್ತೆ. ಮೊಟ್ಟೆ ಕೂಡಿಸುವಾಗ ದಪ್ಪ ತುದಿ ಮೇಲೆ ಮಾಡಿ ತಂಪಾದ ಜಾಗದಲ್ಲಿ ಇಡಿ.

ಬಿಸಿ ಎಷ್ಟಿರಬೇಕು?

ಎಲ್ಲಕ್ಕಿಂತ ಮುಖ್ಯ ಇದೇ. ಫ್ಯಾನ್ ಇರುವ ಪೆಟ್ಟಿಗೆಯಲ್ಲಿ 37.5 ಡಿಗ್ರಿ ಇರಬೇಕು. ಅಂದರೆ ನಮ್ಮ ಮೈ ಬಿಸಿಗಿಂತ ಚೂರು ಹೆಚ್ಚು. ಮೊಟ್ಟೆ ಇಡುವ ಹಿಂದಿನ ದಿನವೇ ಬರೀ ಪೆಟ್ಟಿಗೆಯನ್ನು ಹಚ್ಚಿ ನೋಡಿ. ಒಳಗೆ ಇನ್ನೊಂದು ಥರ್ಮಾಮೀಟರ್ ಇಡಿ. ಎರಡೂ ಒಂದೇ ಅಂಕಿ ತೋರಿಸುತ್ತವಾ?

ಬಿಸಿ ಹೆಚ್ಚಾಗುವುದು ಕಡಿಮೆಯಾಗುವುದಕ್ಕಿಂತ ಕೆಟ್ಟದ್ದು. 40 ಡಿಗ್ರಿ ದಾಟಿ ಕೆಲವು ಗಂಟೆ ನಿಂತರೆ ಮರಿ ಚಿಪ್ಪಿನೊಳಗೇ ಸಾಯುತ್ತೆ. ಹಾಗಾಗಿ ಪೆಟ್ಟಿಗೆಯನ್ನು ಬಿಸಿಲಿಗೆ, ತಗಡಿನ ಮಾಡಿನ ಕೆಳಗೆ, ಒಲೆಯ ಹತ್ತಿರ ಇಡಬೇಡಿ.

ಕರೆಂಟ್ ಹೋದರೆ? ಗಾಬರಿ ಬೇಡ. ಕಾವು ಕೂತ ಹೇಂಟೆ ಕೂಡ ದಿನಕ್ಕೊಮ್ಮೆ ಎದ್ದು ಹೋಗಿ ಕಾಳು ತಿಂದು, ನೀರು ಕುಡಿದು ಬರುತ್ತೆ. ಅಷ್ಟು ಹೊತ್ತು ಮೊಟ್ಟೆ ಬರಿದೇ ಇರುತ್ತೆ. ಪೆಟ್ಟಿಗೆಯ ಮುಚ್ಚಳ ತೆರೆಯಬೇಡಿ. ಮೇಲೆ ಕಂಬಳಿ ಹೊದಿಸಿ. ಕರೆಂಟ್ ಬಂದ ಕೂಡಲೇ ಕಂಬಳಿ ತೆಗೆಯಿರಿ. ಒಂದೆರಡು ಗಂಟೆಗೆ ಮೊಟ್ಟೆ ಕೆಡುವುದಿಲ್ಲ. ಆದರೆ ದಿನಾ ಅರ್ಧ ದಿನ ಕರೆಂಟ್ ಇಲ್ಲದ ಊರಿನಲ್ಲಿ ಬ್ಯಾಟರಿ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. ಸಾಲ ಉಳಿಯುತ್ತೆ, ಮರಿ ಉಳಿಯದು.

ಪೆಟ್ಟಿಗೆಯ ತಟ್ಟೆಯಲ್ಲಿ ನೀರೂ ಇರಬೇಕು. ಗಾಳಿಗೆ ತೇವ ಬೇಕು. ನೀರು ಆರಿದ ಹಾಗೆ ಬಿಸಿನೀರು ಸೇರಿಸಿ.

ಮೊಟ್ಟೆ ತಿರುಗಿಸೋದು

ಹೇಂಟೆ ಕೊಕ್ಕಿನಿಂದ ಮೊಟ್ಟೆ ಹೊರಳಿಸುವುದನ್ನು ನೋಡಿದ್ದೀರಲ್ಲ? ಹೊರಳಿಸದಿದ್ದರೆ ಮರಿ ಚಿಪ್ಪಿನ ಒಳಪೊರೆಗೆ ಅಂಟಿಕೊಳ್ಳುತ್ತೆ. ಕೆಲವು ಪೆಟ್ಟಿಗೆ ತಾನೇ ತಿರುಗಿಸುತ್ತೆ. ಉಳಿದವಕ್ಕೆ ನಾವೇ ತಿರುಗಿಸಬೇಕು. ದಿನಕ್ಕೆ 3 ಸಲ ಅಥವಾ 5 ಸಲ. ಮೊಟ್ಟೆಯ ಒಂದು ಕಡೆ ಪೆನ್ಸಿಲಿನಲ್ಲಿ 'ಅ' ಬರೆಯಿರಿ. ಇನ್ನೊಂದು ಕಡೆ 'ಆ' ಬರೆಯಿರಿ. ಯಾವುದು ತಿರುಗಿದೆ, ಯಾವುದು ಇಲ್ಲ ಅಂತ ಕಣ್ಣಿಗೇ ಕಾಣುತ್ತೆ. ಪೆನ್ನಿನ ಶಾಯಿ ಬೇಡ.

ದಿನಾಂಕವನ್ನು ಪುಸ್ತಕದಲ್ಲಿ ಬರೆದಿಡಿ. 3ನೇ ತಾರೀಕು ಸಂಜೆ ಮೊಟ್ಟೆ ಇಟ್ಟಿರಿ ಅನ್ನಿ. 10ಕ್ಕೆ ಪರೀಕ್ಷೆ. 21ಕ್ಕೆ ತಿರುಗಿಸುವುದು ನಿಲ್ಲಿಸಬೇಕು. 24ಕ್ಕೆ ಮರಿ. ಬಾಯಿ ಲೆಕ್ಕ ಮರೆತು ಹೋಗಬಹುದು. ಬರೆದ ಲೆಕ್ಕ ಇರುತ್ತೆ.

ಪರೀಕ್ಷೆ ಹೀಗೆ. ಕತ್ತಲೆ ಕೋಣೆಯಲ್ಲಿ ಮೊಟ್ಟೆಯ ದಪ್ಪ ತುದಿಗೆ ಟಾರ್ಚ್ ಹಿಡಿಯಿರಿ. ಜೇಡನ ಕಾಲಿನ ಹಾಗೆ ಕೆಂಪು ನರ ಕಂಡರೆ ಮರಿ ಬೆಳೆಯುತ್ತಿದೆ. ಏನೂ ಕಾಣದೆ ಬರೀ ಬೆಳಕು ಕಂಡರೆ ಅದು ಬೀಜವಿಲ್ಲದ ಮೊಟ್ಟೆ. ಕೆಂಪು ಉಂಗುರ ಮಾತ್ರ ಕಂಡರೆ ಮರಿ ಸತ್ತಿದೆ. ಇವನ್ನು ತೆಗೆದುಬಿಡಿ. ಕೊಳೆತ ಮೊಟ್ಟೆ ಒಳಗೆ ಒಡೆದರೆ ಉಳಿದದ್ದೂ ಹಾಳು.

ಕೊನೆಯ ಮೂರು ದಿನ

ಈಗ ತಿರುಗಿಸಬೇಡಿ. ತಟ್ಟೆಯಲ್ಲಿ ನೀರು ಹೆಚ್ಚಿಸಿ. ಮುಚ್ಚಳ ತೆರೆಯಬೇಡಿ. ಒಳಗಿನಿಂದ ಚಿಂವ್ ಚಿಂವ್ ಅಂತ ಸದ್ದು ಕೇಳುತ್ತೆ. ಮಕ್ಕಳು ಓಡಿ ಬರುತ್ತಾರೆ. ಅವರ ಕೈ ಹಿಡಿದುಕೊಳ್ಳಿ! ಮುಚ್ಚಳ ತೆರೆದರೆ ತೇವ ಹೋಗುತ್ತೆ, ಪೊರೆ ಒಣಗಿ ಮರಿಗೆ ಸುತ್ತಿಕೊಳ್ಳುತ್ತೆ.

ಚಿಪ್ಪಿಗೆ ತೂತು ಬಿದ್ದ ಮೇಲೂ ಮರಿ ಹೊರಬರಲು 12ರಿಂದ 24 ಗಂಟೆ ಹಿಡಿಯಬಹುದು. ಪಾಪ ಅಂತ ಚಿಪ್ಪು ಸುಲಿಯಬೇಡಿ. ರಕ್ತ ಸೋರಿ ಮರಿ ಸಾಯುತ್ತೆ. ಮೈ ಒಣಗಿದ ಮೇಲೆ ಮರಿಗಳನ್ನು ತೆಗೆಯಿರಿ. ಹೊಟ್ಟೆಯಲ್ಲಿ ಹಳದಿ ಉಳಿದಿರುತ್ತೆ. ಮೊದಲ ದಿನ ತಿನ್ನದಿದ್ದರೆ ಹೆದರಬೇಡಿ.

ಪೆಟ್ಟಿಗೆ ಮರಿ ಮಾಡುತ್ತೆ, ತಾಯಿ ಆಗುವುದಿಲ್ಲ. ರೆಕ್ಕೆಯ ಕೆಳಗೆ ಬೆಚ್ಚಗೆ ಇಟ್ಟುಕೊಳ್ಳುವವರು ಯಾರು? ರಟ್ಟಿನ ಡಬ್ಬಿಯಲ್ಲಿ ಭತ್ತದ ಹೊಟ್ಟು ಹರಡಿ, ಮೇಲೆ 60 ವ್ಯಾಟ್ ಬಲ್ಬ್ ಇಳಿಬಿಡಿ. ಬಲ್ಬ್ ಹೊಟ್ಟಿಗೆ ತಾಗಬಾರದು, ಬೆಂಕಿ ಬಿದ್ದೀತು. ಮರಿಗಳು ಬಲ್ಬಿನ ಕೆಳಗೆ ಗುಂಪಾದರೆ ಚಳಿ ಆಗಿದೆ, ಬಲ್ಬ್ ಇಳಿಸಿ. ದೂರ ಓಡಿ ಬಾಯಿ ಬಿಟ್ಟರೆ ಸೆಕೆ ಆಗಿದೆ, ಮೇಲೆ ಎತ್ತಿ. ಎಲ್ಲ ಕಡೆ ಹರಡಿದ್ದರೆ ಸರಿಯಾಗಿದೆ.

ಮೊದಲ ವಾರದಲ್ಲೇ ಕೊಕ್ಕರೆ ರೋಗದ ಲಸಿಕೆ ಹಾಕಿಸಬೇಕು. ಇದು ಕಣ್ಣಿಗೆ ಬಿಡುವ ಒಂದು ಹನಿ. ಒಂದು ಸೀಸೆ ತೆರೆದರೆ ತುಂಬಾ ಮರಿಗಳಿಗೆ ಆಗುತ್ತೆ, ಉಳಿದದ್ದು ಇಟ್ಟರೆ ಕೆಡುತ್ತೆ. ಹಾಗಾಗಿ ಓಣಿಯ ನಾಲ್ಕಾರು ಮನೆಯವರು ಒಂದೇ ದಿನ ಮೊಟ್ಟೆ ಇಡಿ. ಮರಿಗಳು ಒಟ್ಟಿಗೆ ಬರುತ್ತವೆ. ಪಶು ಆಸ್ಪತ್ರೆಯವರನ್ನು ಒಂದೇ ಸಲ ಕರೆಸಬಹುದು.