ಥಂಡಿಗೆ ಶಮಾಮಾನೋ, ಓಲ್ಡ್ ಸ್ಪೈಸೋ?

ಮಳಖೇಡದ ಚಳಿ ಬೆಳಗಿನ ಚಳಿ. ಡಿಸೆಂಬರಿನ ನಸುಕಿನಲ್ಲಿ ಕಾಗಿಣಾ ನದಿಯ ದಂಡೆಯಲ್ಲಿ 15 ಡಿಗ್ರಿಯ ಆಸುಪಾಸಿನಲ್ಲಿರುವ ಉಷ್ಣತೆ ಮಧ್ಯಾಹ್ನ 30ರ ಹತ್ತಿರ ಬಂದಿರುತ್ತದೆ. ಚಳಿಗಾಲಕ್ಕೆ ಗಂಡಸರು ಲವಂಗ, ದಾಲ್ಚಿನ್ನಿಯಂಥ ಮಸಾಲೆ ವಾಸನೆಯ ಸುಗಂಧ ಹಚ್ಚಿಕೊಳ್ಳಬೇಕು ಎಂಬ ಸಲಹೆ ದಿನವಿಡೀ ಥಂಡಿಯಿರುವ ದೇಶಗಳಿಂದ ಬಂದದ್ದು. ಸೇಡಂ, ಚಿತ್ತಾಪುರದ ಕಡೆ ಅದು ಅರ್ಧ ದಿನಕ್ಕಷ್ಟೇ ಸಲ್ಲುತ್ತದೆ.

ಇಂಥ ಎರಡು ಸುಗಂಧಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ. ಒಂದು ಓಲ್ಡ್ ಸ್ಪೈಸ್. ಅಮೆರಿಕದ ಶಲ್ಟನ್ ಕಂಪನಿ 1938ರಲ್ಲಿ ಗಂಡಸರಿಗೆಂದು ಹೊರತಂದ, ಹಡಗಿನ ಚಿತ್ರದ ಸೀಸೆ. ಗಡ್ಡ ಕೆರೆದುಕೊಂಡ ಮೇಲೆ ಕೆನ್ನೆಗೆ ತಟ್ಟಿಕೊಳ್ಳುವಂಥದ್ದು. ಇನ್ನೊಂದು ಉತ್ತರ ಪ್ರದೇಶದ ಕನೌಜಿನ ಶಮಾಮಾ ಅತ್ತರು. ಅತ್ತರು ಮಾರುವವರು ಬೇಸಿಗೆಗೆ ಖಸ್, ಥಂಡಿಗೆ ಶಮಾಮಾ ಎಂದು ಕೊಡುವುದು ರೂಢಿ. ಇದೇ ಮಳಖೇಡದ, ಅಂದರೆ ಅಂದಿನ ಮಾನ್ಯಖೇಟದ, ರಾಷ್ಟ್ರಕೂಟ ದೊರೆ ಮೂರನೆಯ ಇಂದ್ರ 10ನೆಯ ಶತಮಾನದ ಆರಂಭದಲ್ಲಿ ದಂಡು ಕಟ್ಟಿಕೊಂಡು ಹೋಗಿ ಕನೌಜನ್ನು ಹಿಡಿದಿದ್ದ. ಈಗ ಕನೌಜೇ ಚಿಕ್ಕ ಸೀಸೆಯೊಳಗೆ ಕೂತು ಈ ಕಡೆ ಬರುತ್ತದೆ.

ಶಮಾಮಾದಲ್ಲಿ ಏನಿದೆ ಎಂದು ನೋಡಿದರೆ ಅಡುಗೆಮನೆಯ ಮಸಾಲೆ ಡಬ್ಬಿ ತೆರೆದ ಹಾಗಾಗುತ್ತದೆ: ಲವಂಗ, ಏಲಕ್ಕಿ, ಜಾಯಿಕಾಯಿ, ಜಾಪತ್ರೆ, ಜೊತೆಗೆ ಜಟಾಮಾಂಸಿ, ಕೇಸರಿ. ಎಲ್ಲಕ್ಕಿಂತ ಮುಖ್ಯವಾದದ್ದು ಕಲ್ಲುಹೂ, ನಮ್ಮ ಮಸಾಲೆಗೆ ಬೀಳುವ ಅದೇ ದಗಡಫೂಲ್. ಅದು ಹೂವಲ್ಲ, ಶಿಲೀಂಧ್ರವೂ ಪಾಚಿಯೂ ಕೂಡಿ ಬಾಳುವ ಜೀವಿ. ಇವನ್ನೆಲ್ಲ ನೀರಿನೊಡನೆ ತಾಮ್ರದ ದೇಗ್ ಎಂಬ ಹಂಡೆಯಲ್ಲಿ ಕುದಿಸಿ, ಹಬೆಯನ್ನು ಬಿದಿರಿನ ಕೊಳವೆಯಲ್ಲಿ ಹಾಯಿಸಿ, ಗಂಧದೆಣ್ಣೆ ತುಂಬಿದ ಪಾತ್ರೆಗೆ ಇಳಿಸುತ್ತಾರೆ. ಸಾಮಾನು ಬದಲಿಸುತ್ತ ಮತ್ತೆ ಮತ್ತೆ ಬಟ್ಟಿ ಇಳಿಸುವ ಈ ಕೆಲಸ ವಾರಗಟ್ಟಲೆ ನಡೆಯುತ್ತದೆ. ಇದರಲ್ಲಿ ಆಲ್ಕೊಹಾಲ್ ಇಲ್ಲ.

ವಾಸನೆಗೆ ಬಿಸಿ ಎಲ್ಲಿಂದ ಬಂತು? ಮೂಗಿನಲ್ಲಿ ವಾಸನೆಯ ನರದ ಜೊತೆಗೆ ಟ್ರೈಜೆಮಿನಲ್ ಎಂಬ ಇನ್ನೊಂದು ನರದ ತುದಿಗಳಿವೆ. ಉರಿ, ತಂಪು, ಚುರುಕು ಅದಕ್ಕೆ ತಿಳಿಯುತ್ತದೆ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ತಟ್ಟುವ ಟಿಆರ್‌ಪಿವಿ1 ಎಂಬ ಗ್ರಾಹಕ ನಿಜವಾದ ಶಾಖಕ್ಕೂ ತೆರೆದುಕೊಳ್ಳುತ್ತದೆ. ಇದನ್ನು ಗುರುತಿಸಿದ ಡೇವಿಡ್ ಜೂಲಿಯಸ್ 2021ರ ನೊಬೆಲ್ ಪಡೆದವರಲ್ಲೊಬ್ಬರು. ಲವಂಗದ ಯೂಜೆನಾಲ್ ಕೂಡ ಈ ಗ್ರಾಹಕವನ್ನು ಮುಟ್ಟಬಲ್ಲದು. ಆದರೆ ವೆನಿಲ್ಲಾದ ವೆನಿಲಿನ್ ಟ್ರೈಜೆಮಿನಲ್ ನರವನ್ನು ಅಲುಗಿಸುವುದೇ ಇಲ್ಲ. ವಾಸನಾಶಕ್ತಿ ಕಳೆದುಕೊಂಡವರಿಗೆ ಅದು ಇದೆಯೆಂದೇ ಗೊತ್ತಾಗದು. ಆದರೂ ಎಲ್ಲರೂ ಅದನ್ನು ಬೆಚ್ಚಗಿನ ವಾಸನೆ ಅನ್ನುತ್ತಾರೆ. ಸುಗಂಧದಲ್ಲಿ ಮಸಾಲೆಯ ಪ್ರಮಾಣವೂ ಅತ್ಯಲ್ಪ. ಹೀಗಾಗಿ ಆ ಬಿಸಿಯಲ್ಲಿ ನರದ ಪಾಲಿಗಿಂತ ಸಿಹಿತಿಂಡಿ, ಚಹಾ, ಒಲೆಗಳ ನೆನಪಿನ ಪಾಲೇ ದೊಡ್ಡದು ಎಂದು ನನ್ನ ಲೆಕ್ಕ.

ಓಲ್ಡ್ ಸ್ಪೈಸಿನ ತಮಾಷೆ ಬೇರೆ. ಕ್ಷೌರವಾದ ಕೆನ್ನೆಗೆ ಹಚ್ಚಿದ ಕೂಡಲೇ ಚುರ್ರೆನ್ನುವುದು ಅದರ ಮಸಾಲೆಯಿಂದಲ್ಲ, ಆಲ್ಕೊಹಾಲಿನಿಂದ. ಸಾಮಾನ್ಯವಾಗಿ 42 ಡಿಗ್ರಿಯ ಸುಮಾರಿಗೆ ಎಚ್ಚರಗೊಳ್ಳುವ ಅದೇ ಶಾಖಗ್ರಾಹಕ, ಆಲ್ಕೊಹಾಲ್ ಸೋಕಿದಾಗ 34ರ ಹತ್ತಿರವೇ ಎಚ್ಚರಗೊಳ್ಳುತ್ತದೆ. ನಮ್ಮ ಮೈಶಾಖವೇ ನಮಗೆ ಉರಿಯಾಗುತ್ತದೆ. ಮರುಕ್ಷಣ ಆಲ್ಕೊಹಾಲ್ ಆವಿಯಾಗುತ್ತ ಚರ್ಮದ ಶಾಖ ಸೆಳೆದುಕೊಂಡು ತಂಪು ಮಾಡುತ್ತದೆ. ಥಂಡಿಯ ನಸುಕಿನಲ್ಲಿ ಇದು ಯಾರಿಗೆ ಬೇಕು ಅನ್ನಿ! ಹೋಗುವಾಗ ಅದು ಹಗುರ ಅಣುಗಳನ್ನೂ ಜೊತೆಗೊಯ್ಯುತ್ತದೆ; ಅದಕ್ಕೇ ಮೊದಲ ಘಮ ಜೋರು, ಒಂದೆರಡು ಗಂಟೆಯಲ್ಲಿ ಕ್ಷೀಣ.

ಶಮಾಮಾ ಇದಕ್ಕೆ ತದ್ವಿರುದ್ಧ. ಗಂಧದ ಸ್ಯಾಂಟಲಾಲ್ ಅಣುಭಾರ 220, ನಿಂಬೆ ಜಾತಿಯ ಲಿಮೋನೀನ್‌ನದು 136. ಭಾರದ ಅಣು ಗಾಳಿಗೇರಲು ಹೆಚ್ಚು ಶಾಖ ಬೇಡುತ್ತದೆ. ಅಷ್ಟೇ ಅಲ್ಲ, ಉಷ್ಣತೆಯ ಏರಿಳಿತಕ್ಕೆ ಅದೇ ಹೆಚ್ಚು ಬಾಗುತ್ತದೆ: 10 ಡಿಗ್ರಿ ಏರಿದರೆ ಲಿಮೋನೀನ್ ಆವಿಯ ಒತ್ತಡ ಸುಮಾರು ದುಪ್ಪಟ್ಟಾದರೆ, ಗಂಧದಂಥವುಗಳದು ಅದಕ್ಕೂ ಹೆಚ್ಚು. ಮಳಖೇಡದ ಬೆಳಗಿನಿಂದ ಮಧ್ಯಾಹ್ನಕ್ಕೆ 15 ಡಿಗ್ರಿಯ ಅಂತರ. ಅಂಗಿಗೆ ಹಚ್ಚಿದ ಶಮಾಮಾ ಬೆಳಿಗ್ಗೆ ಬಹುತೇಕ ಸುಮ್ಮನಿದ್ದು, ಮಧ್ಯಾಹ್ನ ಮೂರು ಪಟ್ಟಿಗೂ ಮೀರಿ ಏಳುತ್ತದೆ. ಆಗ ಬಸ್ಸಿನಲ್ಲಿ ಪಕ್ಕ ಕೂತವನ ತಲೆ ನೋಯುತ್ತದೆ. ನೋಡಬೇಕೆಂದರೆ ಎರಡು ಕಾಗದದ ಚೂರಿಗೆ ಒಂದೊಂದು ಹನಿ ಹಾಕಿ, ಒಂದನ್ನು ನೆರಳಿನ ಶಹಾಬಾದ್ ಫರಸಿಯ ಮೇಲೆ, ಇನ್ನೊಂದನ್ನು ಬಿಸಿಲಿಗೆ ಕಾದ ಫರಸಿಯ ಮೇಲೆ ಇಟ್ಟು ಮೂಸಿ.

ಅತ್ತರಿನ ಹತ್ತಿಯನ್ನು ಕಿವಿಯ ಮಡಿಕೆಗೆ ಸಿಕ್ಕಿಸುವ ಹಳೆಯ ಪದ್ಧತಿ ಇಲ್ಲಿ ಜಾಣತನವಾಗಿ ಕಾಣುತ್ತದೆ. ಮಫ್ಲರ್ ಸುತ್ತಿಕೊಂಡರೆ ಆ ಜಾಗ ಮೈಶಾಖದಲ್ಲೇ ಇರುತ್ತದೆ, ಮಧ್ಯಾಹ್ನ ಸಾಕೆನಿಸಿದರೆ ಹತ್ತಿ ತೆಗೆದು ಎಸೆಯಬಹುದು. ಕೆನ್ನೆಗೆ ಹಚ್ಚಿದ್ದನ್ನು ಹಾಗೆ ತೆಗೆಯಲಾಗದು.

ಹೀಗಾಗಿ ನನ್ನ ಮತ ಶಮಾಮಾಕ್ಕೆ, ಅದೂ ಒಂದೇ ಹನಿ. ಗಂಧದೆಣ್ಣೆ ದುಬಾರಿಯಾದ ಮೇಲೆ ಅಗ್ಗದ ಅತ್ತರುಗಳಲ್ಲಿ ಅದರ ಬದಲು ಲಿಕ್ವಿಡ್ ಪ್ಯಾರಾಫಿನ್ ಸೇರುತ್ತದೆ. ಆಗ ಉಳಿಯುವುದು ಮಸಾಲೆ ಮಾತ್ರ, ತಳದ ಗಂಧವಿಲ್ಲ. ಯೂಜೆನಾಲ್, ಕಲ್ಲುಹೂವಿನ ಸತ್ವ ಎರಡೂ ಕೆಲವರ ಚರ್ಮಕ್ಕೆ ತುರಿಕೆ ತರುತ್ತವೆ. ಮೊದಲ ಸಲ ಹಚ್ಚುವವರು ಮೊಳಕೈಯ ಒಳಮಡಿಕೆಗೆ ಸ್ವಲ್ಪ ಹಚ್ಚಿ ಒಂದೆರಡು ದಿನ ಕಾಯುವುದು ಮೇಲು.