ಪ್ರಶ್ನೆಯ ಸರದಿ, ಉತ್ತರದ ಬೆಲೆ

ಬೆಂಗಳೂರಿನಿಂದ ಕನಕಪುರದತ್ತ ಸಾಗುವ ಹೆದ್ದಾರಿಯಲ್ಲಿ ಹಾರೋಹಳ್ಳಿ ಕೈಗಾರಿಕಾ ಪ್ರದೇಶವಿದೆ. ಪಾಳಿ ಮುಗಿಸಿ ಹೊರಬರುವ ಅಲ್ಲಿಯ ಕಾರ್ಮಿಕರಿಗೆ ನಾವು ಎರಡು ಪ್ರಶ್ನೆಗಳನ್ನು ಹಾಕುತ್ತೇವೆಂದು ವಾಚಕರು ಊಹಿಸಿಕೊಳ್ಳಲಿ. "ಕಾರ್ಖಾನೆಯ ಬಾಗಿಲಿನಿಂದಲೇ ಹೊರಡುವ ಬಸ್ಸಿಗೆ ತಿಂಗಳಿಗೆ ಎಷ್ಟು ರೂಪಾಯಿ ಕೊಡಲು ಒಪ್ಪುವಿರಿ?" ಎಂಬುದು ಒಂದು. "ಮನೆಬಾಡಿಗೆ, ದಿನಸಿ, ಸಾಲದ ಕಂತು ಕಳೆದು ತಿಂಗಳ ಕೊನೆಗೆ ನಿಮ್ಮ ಕೈಯಲ್ಲಿ ಉಳಿಯುವುದೆಷ್ಟು?" ಎಂಬುದು ಇನ್ನೊಂದು. ಬಸ್ಸಿನ ಪ್ರಶ್ನೆ ಮೊದಲು ಬಂದರೆ ದಣಿದ ಕಾಲುಗಳೇ ಉತ್ತರ ಹೇಳುವ ಸಂಭವವುಂಟು. ಉಳಿತಾಯದ ಪ್ರಶ್ನೆ ಮೊದಲು ಬಂದರೆ ಬರಿದಾದ ಜೇಬು ಮಾತನಾಡೀತು. ಉತ್ತರಿಸುವವರು ಅವರೇ, ಬಸ್ಸೂ ಅದೇ. ಆದರೂ ಮೊತ್ತ ಬೇರೆ. ಇದನ್ನು ನೆಚ್ಚಿ ದರವನ್ನು ಗೊತ್ತುಮಾಡಬೇಕಾದ ಅಧಿಕಾರಿ ಯಾವ ಮೊತ್ತವನ್ನು ನಂಬಬೇಕು?

ಅಂಗಡಿಯ ಸಾಮಾನುಗಳಿಗೆ ಬೆಲೆಚೀಟಿ ಅಂಟಿಸಿರುವಂತೆ ನಮ್ಮ ಇಷ್ಟಾನಿಷ್ಟಗಳೂ ಮನಸ್ಸಿನಲ್ಲಿ ಬೆಲೆ ಹೊತ್ತು ಸಿದ್ಧವಾಗಿರುತ್ತವೆಂದು ನಾವು ಭಾವಿಸುತ್ತೇವೆ. ವಾಸ್ತವದಲ್ಲಿ ಅನೇಕ ಉತ್ತರಗಳು ಕೇಳಿದ ಗಳಿಗೆಯಲ್ಲಿಯೇ ರೂಪುಗೊಳ್ಳುತ್ತವೆ. ಹಿಂದಿನ ಪ್ರಶ್ನೆ ಯಾವ ನೆನಪನ್ನು ಮೇಲಕ್ಕೆ ತಂದಿರುವುದೋ ಅದೇ ಅವುಗಳ ಮೂಲದ್ರವ್ಯ. ಹವಾಯಿ ದ್ವೀಪಗಳ ತಿಮಿಂಗಿಲ ಮತ್ತು ಸೀಲ್ ಪ್ರಾಣಿಗಳ ರಕ್ಷಣೆಗೆ ಎಷ್ಟು ಹಣ ಕೊಡುವಿರೆಂದು ಕೇಳಿದ, 1990ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ತಿಮಿಂಗಿಲದ ಸರದಿ ಮುಗಿದ ಮೇಲೆ ಕೇಳಿದಾಗ ಸೀಲಿಗೆ ದೊರೆತ ಬೆಲೆ ಇಳಿದುಹೋಯಿತು.

ಸೀಲಿನ ಮಾತಿರಲಿ. ಮುಯ್ಯಿಗೆ ಮುಯ್ಯಿಯಂತೆ ಪ್ರಶ್ನೆಗೆ ಪ್ರಶ್ನೆ ಅಂಟಿಕೊಂಡು ನಮ್ಮ ದೇಶದ ಬಡತನದ ಲೆಕ್ಕವನ್ನೇ ಗೊಂದಲಕ್ಕೆ ಕೆಡವಿದ ಪ್ರಸಂಗವೊಂದುಂಟು. ಪ್ರೊಫೆಸರ್ ಪಿ. ಸಿ. ಮಹಲನೋಬಿಸರ ಪ್ರಯತ್ನದಿಂದ 1950ರಲ್ಲಿ ಆರಂಭವಾದ ರಾಷ್ಟ್ರೀಯ ಮಾದರಿ ಸಮೀಕ್ಷೆಯು ಕುಟುಂಬಗಳ ಖರ್ಚನ್ನು ನೆನಪಿನಿಂದ ಹೇಳಿಸಿ ಬರೆದುಕೊಳ್ಳುತ್ತದೆ. ಬಹುಕಾಲ ಆಹಾರಕ್ಕೆ ಕಳೆದ 30 ದಿನಗಳ ಲೆಕ್ಕವನ್ನು ಕೇಳುವುದು ರೂಢಿಯಾಗಿತ್ತು. 1994ರಿಂದ 1998ರವರೆಗಿನ ಸಣ್ಣ ಸುತ್ತುಗಳಲ್ಲಿ ಕುಟುಂಬಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ 30 ದಿನಗಳ, ಇನ್ನೊಂದಕ್ಕೆ 7 ದಿನಗಳ ಲೆಕ್ಕ ಕೇಳಲಾಯಿತು. ವಾರದ ಲೆಕ್ಕವನ್ನು ತಿಂಗಳಿಗೆ ಗುಣಿಸಿದಾಗ ಖರ್ಚು ಗಮನಾರ್ಹವಾಗಿ ಹೆಚ್ಚಾಗಿ ಕಂಡಿತು. ನೆನಪು ತಾಜಾ ಇದ್ದುದು ಒಂದು ಕಾರಣವಿರಬೇಕು.

1999ರ ಜುಲೈಯಿಂದ 2000ದ ಜೂನ್‌ವರೆಗೆ ನಡೆದ 55ನೆಯ ಸುತ್ತಿನಲ್ಲಾದರೋ ಎರಡೂ ಪ್ರಶ್ನೆಗಳನ್ನು ಒಂದೇ ಮನೆಯವರಿಗೆ, ಅಕ್ಕಪಕ್ಕದ ಅಂಕಣಗಳಲ್ಲಿ ಹಾಕಲಾಯಿತು. ಕಳೆದ ವಾರ ಒಂದು ಕಿಲೋ ಸಕ್ಕರೆಯೆಂದ ಗೃಹಿಣಿ ತಿಂಗಳಿಗೆ ಎರಡೇ ಕಿಲೋ ಎನ್ನಲು ಹಿಂಜರಿಯುವುದು ಸಹಜ. ಎದುರಿಗೆ ಕುಳಿತ ಗಣತಿದಾರನೂ ಹುಬ್ಬೇರಿಸಿಯಾನು. ಅಂತೂ ಎರಡು ಲೆಕ್ಕಗಳೂ ಒಂದಕ್ಕೊಂದು ಹತ್ತಿರ ಬಂದವು. 30 ದಿನಗಳ ಲೆಕ್ಕದ ಮೇಲೆ ನಿಂತ ಅಧಿಕೃತ ಅಂದಾಜಿನಂತೆ 1993-94ರಲ್ಲಿ ಶೇಕಡ 36ರಷ್ಟಿದ್ದ ಬಡವರು ಶೇಕಡ 26ಕ್ಕೆ ಇಳಿದಿದ್ದರು. ಕರ್ನಾಟಕದಲ್ಲಿ ಶೇಕಡ 33ರಿಂದ 20ಕ್ಕೆ! ಇಳಿಕೆಯಲ್ಲಿ ಎಷ್ಟು ಪಾಲು ಅನ್ನದ್ದು, ಎಷ್ಟು ಪಾಲು ಅಂಕಣದ್ದು? ಅರ್ಥಶಾಸ್ತ್ರಜ್ಞರು ವರ್ಷಗಟ್ಟಲೆ ವಾದಿಸಿದರು. ಬೆರಕೆಯಾಗದೆ ಉಳಿದ ಬಾಬುಗಳನ್ನು ಹಿಡಿದು ಆಂಗಸ್ ಡೀಟನ್ ಮರುಲೆಕ್ಕ ಹಾಕಿದಾಗ ಇಳಿಕೆ ನಿಜವೆಂದೂ, ಆದರೆ ಅಧಿಕೃತ ಅಂಕಿ ತೋರಿದಷ್ಟಲ್ಲವೆಂದೂ ಕಂಡಿತು. ನೂರು ಕೋಟಿ ಜನರ ನಾಡಿನಲ್ಲಿ ಶೇಕಡ ಒಂದೆಂದರೆ ಒಂದು ಕೋಟಿ ಜೀವಗಳು.

ಪರಿಹಾರದ ಬೀಜ ಮಹಲನೋಬಿಸರಲ್ಲಿಯೇ ಇತ್ತು. ಒಂದೇ ಪ್ರದೇಶದಿಂದ ಎರಡು ಸ್ವತಂತ್ರ ಉಪಮಾದರಿಗಳನ್ನು ಆರಿಸಿ, ಬೇರೆ ಬೇರೆ ಗಣತಿದಾರರಿಗೆ ಒಪ್ಪಿಸಿ, ಬಂದ ಫಲಗಳನ್ನು ಹೋಲಿಸಿ ನೋಡುವ ಪದ್ಧತಿಯನ್ನು ಅವರು ಬಳಕೆಗೆ ತಂದಿದ್ದರು. 2009-10 ಮತ್ತು 2011-12ರ ಸುತ್ತುಗಳಲ್ಲಿ ಎರಡು ಬಗೆಯ ಪ್ರಶ್ನಾವಳಿಗಳು ಬೇರೆ ಬೇರೆ ಮನೆಗಳಿಗೆ ಹೋದವು. ಹಾರೋಹಳ್ಳಿಯಲ್ಲಿಯೂ ಹೀಗೆಯೇ ಮಾಡಬಹುದು: ಚೀಟಿ ಎತ್ತಿ ಅರ್ಧ ಮಂದಿಗೆ ಬಸ್ಸು ಮೊದಲು, ಉಳಿದರ್ಧಕ್ಕೆ ಉಳಿತಾಯ ಮೊದಲು. ಎರಡು ಮೊತ್ತಗಳ ಸರಾಸರಿಯನ್ನಷ್ಟೇ ಅಧಿಕಾರಿಯ ಮೇಜಿಗೆ ಕಳುಹಿಸುವುದು ನಮಗೆ ಒಪ್ಪಿಗೆಯಿಲ್ಲ. ಎರಡನ್ನೂ, ಅವುಗಳ ನಡುವಣ ಅಂತರವನ್ನೂ ಕಳುಹಿಸಬೇಕು.